ತೊಳೆದುಕೊಂಡು ಬಂದ ಕಾಲುಗಳು

ದೇವರ ಮೇಲೆ ಸಿಟ್ಟು ಮಾಡಿಕೊಂಡವನ ಹತ್ತಿರ ಉಪದೇಶಿಗೆ ಕೆಲಸ ಸುಲಭ. ಅವನು ಅಂಗಡಿ ಮುಂದೆ ನಿಂತು ಜಗಳ ಆಡುವ ಗಿರಾಕಿ. ಮಾಲು ಸರಿಯಿಲ್ಲ ಎಂದು ಕೂಗುತ್ತಾನೆ, ಅಂದರೆ ಅವನಿಗೆ ಮಾಲು ಬೇಕು. ಕೈ ಬೀಸಿ ಹೊರಟರೂ ಸ್ವಲ್ಪ ದೂರ ಹೋಗಲು ಬಿಟ್ಟು ವಾಪಸ್ ಕರೆಯಬಹುದು. ಕಷ್ಟ ಇರುವುದು ದಿನಾ ಬಂದು ಅಂಗಡಿ ಕಟ್ಟೆಯ ಮೇಲೆ ಕೂತು, ಏನೂ ಕೊಳ್ಳದೆ, ಏನೂ ಕೇಳದೆ, ಆಕಳಿಸಿ ಎದ್ದುಹೋಗುವವನ ಹತ್ತಿರ. ನಮ್ಮ ಊರಿನ ಕ್ರೈಸ್ತರಲ್ಲಿ ಮುಕ್ಕಾಲು ಮಂದಿ ಅಂಥವರು. ಅವರ ನಡುವೆ ನನ್ನ ಅರ್ಧ ಆಯುಷ್ಯ ಕಳೆಯಿತು. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಹೊಸದಾಗಿ ಉಪದೇಶಿಗಳಾಗುವವರಿಗೆ ತರಬೇತಿಯಲ್ಲಿ ಯಾರೂ ಹೇಳಿಕೊಡದ ಮಾತುಗಳು ಕೆಲವು ಇವೆ. ಕೇಳುವವರು ಕೇಳಲಿ ಎಂದು ಬರೆಯುತ್ತಿದ್ದೇನೆ.

ಉಪದೇಶಿ ಎಂದರೆ ಯಾರು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಸ್ವಾಮಿಗಳು, ಅಂದರೆ ಪಾದ್ರಿಗಳು, ಒಬ್ಬರೇ; ಅವರು ನೋಡಿಕೊಳ್ಳಬೇಕಾದ ಊರುಗಳು ಹಲವು. ಅವರು ಬರದ ದಿನ ಜಪ ನಡೆಸುವವನು, ಮಕ್ಕಳಿಗೆ ಜ್ಞಾನೋಪದೇಶ ಹೇಳುವವನು, ಸಾವಿನ ಮನೆಗೆ ಮೊದಲು ಹೋಗುವವನು, ಬಲಿಪೂಜೆಯ ದಿನ ಮೈಕಿನ ವೈರು ಸಿಕ್ಕಿಸುವವನು, ಹೂವಿನಿಂದ ಹಿಡಿದು ಹಾವಿನವರೆಗೆ ಗುಡಿಯೊಳಗೆ ಏನು ಬಂದರೂ ಜವಾಬು ಕೊಡಬೇಕಾದವನು ಉಪದೇಶಿ. ಚರ್ಚನ್ನು ನಮ್ಮ ಕಡೆ ಗುಡಿ ಎಂದೇ ಕರೆಯುವುದು, ಅಲ್ಲಿನ ಮಾಸನ್ನು ಬಲಿಪೂಜೆ ಅಥವಾ ಬರೀ ಪೂಜೆ ಎಂದು.

ನಾನು ಈ ಕೆಲಸಕ್ಕೆ ಭಕ್ತಿಯಿಂದ ಬಂದವನಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದೆ. ಮೊದಲು ಗೂಡಿನ ಮೂಟೆ ಹೊತ್ತೆ, ಆಮೇಲೆ ಹೊರಿಸಿದೆ. ಯಳಂದೂರಿನ ಕಡೆಯಿಂದ, ಹನೂರಿನ ಕಡೆಯಿಂದ ಗೂಡು ತರುವ ರೈತರನ್ನು ದಾರಿಯಲ್ಲೇ ಮಾತಿಗೆ ಹಿಡಿಯುವುದು ನನ್ನ ಕಸುಬು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗಿನ ಹುಳು ಗಟ್ಟಿಯಾಗಿದ್ದರೆ ಟಕಟಕ ಎನ್ನುತ್ತದೆ. ಸತ್ತು ಕರಗಿದ್ದರೆ ಸದ್ದಿಲ್ಲ. ಟಕಟಕ ಎಂದಾಗಲೂ ಮುಖ ಹುಳ್ಳಗೆ ಮಾಡಿಕೊಂಡು ನಿಲ್ಲುವುದೇ ವ್ಯಾಪಾರ. ಆಗ ನಮ್ಮ ಭಾಗಕ್ಕೆ ವಯಸ್ಸಾದ ಸ್ವಾಮಿಗಳೊಬ್ಬರಿದ್ದರು. ದೊಡ್ಡ ಸಾಮಿ ಎನ್ನುತ್ತಿದ್ದೆವು. ಗುಡಿಯ ಜಮೀನಿನಲ್ಲಿ ಹಿಪ್ಪುನೇರಳೆ ಹಾಕಿಸಿ, ಹುಳು ಸಾಕಿಸಿ, ಗೂಡು ತಂದಿದ್ದರು. ನಾನು ಒಂದನ್ನು ಎತ್ತಿ ಅಲ್ಲಾಡಿಸಿ, ಸಾವಿನ ಮನೆಗೆ ಬಂದವನ ಹಾಗೆ ತಲೆ ತಗ್ಗಿಸಿದೆ. ಪಾಪ, ನಾನು ಹೇಳಿದ ಬೆಲೆಗೇ ಕೊಟ್ಟು ಹೋದರು.

ಮುಂದಿನ ವಾರ ನನ್ನ ಮನೆಗೇ ಬಂದರು. ಬೈಗುಳಕ್ಕೆ ತಯಾರಾಗಿ ಕುರ್ಚಿ ಹಾಕಿದೆ.

“ಬದುಕಿರೋ ಹುಳವನ್ನ ಸತ್ತಿದೆ ಅಂತ ನನ್ನನ್ನೇ ಒಪ್ಪಿಸಿದೆಯಲ್ಲ,” ಎಂದರು. “ಬದುಕಿರೋ ದೇವರನ್ನ ಬದುಕಿದ್ದಾನೆ ಅಂತ ಜನರಿಗೆ ಒಪ್ಪಿಸೋದು ನಿನಗೇನು ಕಷ್ಟ? ಉಪದೇಶಿ ಜಾಗ ಖಾಲಿ ಇದೆ. ಬಾ.”

“ನಂಗೆ ಜಪನೇ ನೆಟ್ಟಗೆ ಬರಾಕಿಲ್ಲ ಸಾಮಿ.”

“ಜಪ ಬರೋರು ಬೇಕಾದಷ್ಟು ಜನ ಇದ್ದಾರೆ. ಗಿರಾಕಿ ಹಿಡಿಯೋನು ಒಬ್ಬನೂ ಇಲ್ಲ.”

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಅವರೊಬ್ಬರೇ.

ಅವರು ನನ್ನನ್ನು ಕೂರಿಸಿದ್ದು ನನ್ನ ಹುಟ್ಟೂರಿನಲ್ಲೇ, ಹನೂರಿನಿಂದ ಕಾಡಿನ ಅಂಚಿಗೆ ಹೋಗುವ ರಸ್ತೆಯಲ್ಲಿ. ಒಂದೇ ಕೋಣೆಯ ಗುಡಿ, ಎದುರಿಗೆ ಒಂದು ಹುಣಸೆ ಮರ. ಹೆಂಗಸರು ಗುಡಿಯೊಳಗೆ, ಗಂಡಸರು ಹುಣಸೆ ಮರದ ಕೆಳಗೆ. ಬಲಿಪೂಜೆಗೆ ನಮ್ಮ ಊರಿನ ಏರ್ಪಾಟು ಅದು. ಒಳಗೆ ಗಂಟೆ ಹೊಡೆದಾಗ ಮರದ ಕೆಳಗಿನವರು ಬೀಡಿಯನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡು, ಮತ್ತೆ ಬಲಗೈಗೆ ತಂದುಕೊಳ್ಳುತ್ತಿದ್ದರು. ಆ ಮರಕ್ಕೆ ಚೌರಪ್ಪ ಯಜಮಾನ. ಹಿಪ್ಪುನೇರಳೆ ತೋಟದವನು, ನನ್ನ ಓರಗೆಯವನು, ಬಾಯಲ್ಲಿ ನನಗಿಂತ ಒಂದು ಕೈ ಮೇಲು. ಅವನೊಬ್ಬ ಒಳಗೆ ಬಂದರೆ ಮರ ತಾನಾಗಿ ಖಾಲಿಯಾಗುತ್ತದೆ ಎಂದು ಮೊದಲ ಭಾನುವಾರವೇ ಅಂದಾಜು ಮಾಡಿದೆ. ಅಂದಾಜು ಸರಿಯಾಗಿತ್ತು. ಅವನು ಬರಲಿಲ್ಲ, ಅಷ್ಟೆ.

ನಾನು ಮಾಡಿದ ಮೊದಲ ಎಡವಟ್ಟು ಧ್ವನಿವರ್ಧಕ. ಜನ ಪೂಜೆಗೆ ಬರದಿದ್ದರೆ ಪೂಜೆಯೇ ಜನರ ಹತ್ತಿರ ಹೋಗಲಿ ಎಂದು ಗುಡಿಯ ನೆತ್ತಿಯ ಮೇಲೆ ಕಟ್ಟಿಸಿದೆ. ಊರ ಕೊನೆಯ ಕೊಟ್ಟಿಗೆಯವರೆಗೆ ದೊಡ್ಡ ಸಾಮಿಯ ಕೆಮ್ಮೂ ಕೇಳತೊಡಗಿತು. ಕೆಲವೇ ವಾರದಲ್ಲಿ ಒಳಗಿದ್ದ ಹೆಂಗಸರೂ ಕಡಿಮೆಯಾದರು. ಕೇಳಿದರೆ, “ಪೂಜೆ ಕೇಳ್ದೆ ಉಪದೇಸ್ಯಾರೆ, ಪೂರ್ತಿ ಕೇಳ್ದೆ, ಮುದ್ದೆ ತಿರುವ್ತಾ ಕೇಳ್ದೆ” ಎನ್ನುವವರೇ ಎಲ್ಲರೂ. ಚೌರಪ್ಪ ಮರದ ಕೆಳಕ್ಕೂ ಬರುವುದು ಬಿಟ್ಟ. “ಮಂಚದ ಮ್ಯಾಲೆ ಮನೀಕಂಡೇ ಆಮೆನ್ ಅಂದೆ ಕಣ್ಲಾ, ನಿಂಗೆ ಕೇಳುಸ್ನಿಲ್ವಾ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಧ್ವನಿವರ್ಧಕ ಇಳಿಸಿದೆ. ಭಕ್ತಿಗೆ ಅಡ್ಡಿ ಮಾಡಿದನೆಂದು ಊರಿನವರು ನನ್ನನ್ನು ಬೈದರು. ನೆನಪಿಡಿ: ಎಲ್ಲವನ್ನೂ ಸಲೀಸು ಮಾಡಿಕೊಟ್ಟರೆ ಜಡತನ ಏಳುವುದಿಲ್ಲ. ನೀವು ಅದರ ತಲೆಗೆ ದಿಂಬು ಕೊಟ್ಟ ಹಾಗಾಗುತ್ತದೆ.

ಆಮೇಲೆ ವ್ಯಾಪಾರಿಯ ಬುದ್ಧಿ ಉಪಯೋಗಿಸಿದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಶುರುವಿನಲ್ಲಿ ಚೌರಪ್ಪನನ್ನು ಹಿಡಿದು, “ಒಳಕ್ಕೆ ಬರ್ಬೇಡ ಕಣಪ್ಪ. ವಾರ ವಾರ ಒಂದೊಂದೆಜ್ಜೆ ಮುಂದಕ್ಕೆ ನಿಂತ್ಕೊ, ಸಾಕು” ಎಂದೆ.

“ನಿನ್ ಎಜ್ಜೆನೋ, ನನ್ ಎಜ್ಜೆನೋ?”

“ನಿಂದೇ ಆಗ್ಲಿ.”

“ಮಳೆ ಬಂದ್ರೆ?”

“ಎಲ್ಡ್ ಎಜ್ಜೆ.”

ಒಪ್ಪಿದ. ಹಬ್ಬದ ಹೊತ್ತಿಗೆ ಗಂಡಸರ ದಂಡು ನಿಜವಾಗಿಯೂ ಬಾಗಿಲಿಗೆ ಬಂತು. ಬಂದು ಅಲ್ಲೇ ನಿಂತಿತು. ಹೊಸಿಲು ದಾಟುವ ಮಾತು ಒಪ್ಪಂದದಲ್ಲಿ ಇರಲಿಲ್ಲವಂತೆ. ಗಾಳಿ, ಬೆಳಕು ಎರಡೂ ಕಟ್ಟಿ ಒಳಗೆ ಲೂರ್ದಮ್ಮ ತಲೆ ಸುತ್ತಿ ಕೂತಳು. ಲೂರ್ದಮ್ಮ ನಮ್ಮ ಗುಡಿಯ ಗಂಟೆ ಹೊಡೆಯುವ ವಿಧವೆ. ಗುಡಿಯ ಪಕ್ಕದಲ್ಲೇ ಮನೆ, ಎರಡೂ ಮಂಡಿ ಹೋದವಳು. “ಅವ್ರ್ನ ಮರದ ತಾವ್ಕೇ ಕಳ್ಸಪ್ಪ,” ಎಂದಳು. “ಸ್ವರ್ಗಕ್ಕೆ ಓಗದು ಆಮೇಕೆ ಇರ್ಲಿ, ಈಗ ಒಸಿ ಉಸ್ರಾಡಬೇಕು.” ಕಳಿಸಿದೆ.

ಇಷ್ಟೆಲ್ಲ ಆಟ ಆಡುತ್ತಿದ್ದಾಗ ನನ್ನ ಒಳಗು ಹೇಗಿತ್ತು ಎಂದು ನೀವು ಕೇಳಬೇಕು. ಒಣಗಿತ್ತು. ಬೆರಳಲ್ಲಿ ಜಪಸರದ ಮಣಿ, ತಲೆಯಲ್ಲಿ ಗೂಡಿನ ಧಾರಣೆ. ಬೆಟ್ಟದ ಇಳಿಜಾರಿನಲ್ಲಿ ಇಂಜಿನ್ ಆರಿಸಿ ಬಿಟ್ಟ ಬಸ್ಸಿನ ಹಾಗೆ ‘ನಮೋ ಮರಿಯಾ’ ಬಾಯಿಂದ ತಾನೇ ಇಳಿಯುತ್ತಿತ್ತು. ನನ್ನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದರೆ ಸದ್ದು ಬರುತ್ತಿರಲಿಲ್ಲ. ನಂಬಿಕೆ ಹೋಗಿತ್ತು ಎನ್ನಲಾರೆ. ಮನೆಯ ಗೋಡೆ ಇದೆ ಎಂದು ನಂಬುವ ಹಾಗೆ ನಂಬಿದ್ದೆ. ಗೋಡೆಯ ಜೊತೆ ಯಾರು ಮಾತಾಡುತ್ತಾರೆ?

ದೊಡ್ಡ ಸಾಮಿಗೆ ವರ್ಗವಾದಾಗ ಟ್ರಂಕು ಕಟ್ಟಿಕೊಡಲು ಹೋದವನು ಬಾಯಿ ಬಿಟ್ಟೆ. ಅವರು ಕಡಲೆಕಾಯಿ ಸುಲಿಯುತ್ತಿದ್ದರು.

“ಸಾಮಿ, ನಂಗೆ ಪ್ರಾರ್ಥನೆ ಅಂದ್ರೆ ಬೇಜಾರಾಗೋಗದೆ.”

“ಈ ಮಾತನ್ನ ದೇವರಿಗೆ ಹೇಳಿದೆಯಾ?”

“ಪ್ರಾರ್ಥನೇಲಿ ಅದ ಎಂಗೆ ಏಳದು ಸಾಮಿ?”

“ಮತ್ತೆ ಏನು ಹೇಳ್ತೀಯ?”

“ಪುಸ್ತಕದಲ್ಲಿ ಇರದ.”

“ಅದು ಅವನಿಗೆ ಆಗಲೇ ಗೊತ್ತು,” ಎಂದು ಕಾಳನ್ನು ಬಾಯಿಗೆ ಎಸೆದುಕೊಂಡರು. ಅಲ್ಲಿಗೆ ಉಪದೇಶ ಮುಗಿಯಿತು. ಉಪವಾಸವೋ ಒಂಬತ್ತು ದಿನದ ನವೇನ ಜಪವೋ ಏನಾದರೂ ಮದ್ದು ಬರೆದುಕೊಡುತ್ತಾರೆ ಎಂದುಕೊಂಡಿದ್ದ ನನಗೆ ಖಾಲಿ ಚೀಲ ಕೈಗೆ ಕೊಟ್ಟು ಕಳಿಸಿದ ಹಾಗಾಯಿತು.

ಅವರ ಜಾಗಕ್ಕೆ ಬಂದವರು ಚಿಕ್ಕ ಸಾಮಿ. ಹೊರಗಿನವರು, ಓದಿದವರು, ನೀಟು ಮನುಷ್ಯ. ಜೇಬಿನಲ್ಲಿ ಸದಾ ಸ್ಯಾನಿಟೈಸರ್ ಬಾಟಲಿ. ಬಂದ ತಿಂಗಳೇ ಊರಿಗೆಲ್ಲ ಒಂದು ವಾಟ್ಸಾಪ್ ಗುಂಪು ಮಾಡಿ, ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ ಬೈಬಲಿನ ಒಂದು ವಾಕ್ಯ ಕಳಿಸುತ್ತಿದ್ದರು. ಜನ ಕೈಮುಗಿದ ಚಿತ್ರ ಒತ್ತುತ್ತಿದ್ದರು. ಎಲ್ಲರಿಗಿಂತ ಮೊದಲು ಒತ್ತುವವನು ಚೌರಪ್ಪ. ಈ ಭಕ್ತರನ್ನು ನೋಡಬೇಕು ಎಂದು ಸಾಮಿ ಹಟ ಹಿಡಿದಾಗ ಮರದ ಕೆಳಗೆ ಕರೆದುಕೊಂಡು ಹೋದೆ.

“ಇವರೇನಾ?”

“ಇವ್ರೇ ಸಾಮಿ. ಬೆರಳಲ್ಲಿ ಬಲು ಭಕ್ತಿ.”

ಚಿಕ್ಕ ಸಾಮಿಗೆ ನಗು ಬರಲಿಲ್ಲ. ಮಾರನೆಯ ವರ್ಷದ ತಪಸ್ಸುಕಾಲದಲ್ಲಿ ನನ್ನನ್ನು ಕೂರಿಸಿಕೊಂಡು ಮಾತಾಡಿದರು. “ನೋಡಿ, ಪವಿತ್ರ ವಾರದಲ್ಲಿ ಎಲ್ಲ ಊರಿಗೂ ನಾನೊಬ್ಬನೇ ಓಡಬೇಕು. ನಿಮ್ಮಲ್ಲಿ ಎದುರಿಗೆ ಇರುವುದು ಏಳೆಂಟು ಹೆಂಗಸರು, ಒಂದು ನಾಯಿ. ಕಳೆದ ಸಲ ಕಾಲು ತೊಳೆಯಲು ಹನ್ನೆರಡು ಗಂಡಸರು ಸಿಗಲಿಲ್ಲ, ಖಾಲಿ ಕುರ್ಚಿಗಳ ಮುಂದೆ ನಿಂತಿದ್ದೆ. ಈ ಗುರುವಾರ ಹನ್ನೆರಡೂ ಕುರ್ಚಿ ತುಂಬಲಿ. ಇಲ್ಲದಿದ್ದರೆ ಮುಂದಿನ ವರ್ಷದಿಂದ ನಿಮ್ಮ ಜನ ದೊಡ್ಡ ಗುಡಿಗೇ ಬರಲಿ, ಹಬ್ಬಕ್ಕೂ ಭಾನುವಾರಕ್ಕೂ.”

ದೊಡ್ಡ ಗುಡಿಗೆ ಹೋಗಲು ಬಸ್ಸು ಹತ್ತಿ ಇನ್ನೊಂದು ಬಸ್ಸು ಹಿಡಿಯಬೇಕು. ಲೂರ್ದಮ್ಮನಿಗೆ ವಿಷಯ ತಿಳಿಸಿದೆ. ಗಂಟೆಯ ಹಗ್ಗ ಹಿಡಿದುಕೊಂಡೇ ಕೇಳಿದಳು. “ಬಸ್ಸಿನ್ ಮೆಟ್ಲು ನಂಗೆ ಅತ್ತಕ್ಕಾದದಾ? ಇಲ್ಲಿ ಬೀಗ ಆಕಿದ್ ದಿನ ನಂಗೂ ಪೂಜೆ ಮುಗೀತು ಅನ್ನು.”

ಪವಿತ್ರ ಗುರುವಾರದ ಪದ್ಧತಿ ಇದು. ಯೇಸು ಕೊನೆಯ ಊಟದ ದಿನ ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಈ ಪದ್ಧತಿಗೆ ನಮ್ಮ ಊರಿನವರು ತಮ್ಮದೂ ಒಂದು ಸೇರಿಸಿದ್ದರು. ಸ್ವಾಮಿಗಳ ಕೈಗೆ ಕಾಲು ಕೊಡುವ ಮೊದಲು ಆ ಕಾಲನ್ನು ಹೊಸದು ಮಾಡಬೇಕು. ಕಲ್ಲಿನಲ್ಲಿ ತಿಕ್ಕಿ, ಸೀಗೆಪುಡಿ ಹಾಕಿ, ಉಗುರು ಕತ್ತರಿಸಿ, ಎಣ್ಣೆ ಸವರಿ, ಮೇಲೆ ಪೌಡರು. ಹೆಂಡತಿಯರ ಮರ್ಯಾದೆಯ ಪ್ರಶ್ನೆ ಅದು. ಯಾರ ಗಂಡನ ಹಿಮ್ಮಡಿ ನುಣುಪು ಎಂದು ಮುಂದಿನ ಹಬ್ಬದವರೆಗೆ ಮಾತು ನಡೆಯುತ್ತಿತ್ತು. ಗಂಡಸರು ತಪ್ಪಿಸಿಕೊಳ್ಳುತ್ತಿದ್ದದ್ದು ಭಕ್ತಿ ಇಲ್ಲದೆ ಎನ್ನುವುದಕ್ಕಿಂತ ಈ ತಿಕ್ಕಾಟಕ್ಕೆ ಹೆದರಿ.

ಹನ್ನೊಂದು ಜನರನ್ನು ಹೇಗೆ ಹಿಡಿದೆ ಎಂದು ಬರೆಯುವುದಿಲ್ಲ. ಒಬ್ಬನಿಗೆ ಅವನ ಅತ್ತೆಯಿಂದ ಹೇಳಿಸಿದೆ, ಇನ್ನೊಬ್ಬನಿಗೆ ಮೊದಲನೆಯವನು ಬರುತ್ತಿದ್ದಾನೆ ಎಂದೆ, ಹೀಗೆ. ಹನ್ನೆರಡನೆಯವನಿಗಾಗಿ ಚೌರಪ್ಪನ ತೋಟಕ್ಕೆ ಹೋದೆ. ಸೊಪ್ಪು ಕೊಯ್ಯುತ್ತಿದ್ದವನು ತಲೆ ಎತ್ತಲಿಲ್ಲ.

“ನನ್ ಕಾಲ ತಿಕ್ಕಿ ಬೆಳ್ಳಗ್ ಮಾಡಕ್ಕೆ ಓದ್ ವರ್ಸದ ಗುರುವಾರದಿಂದ್ಲೇ ಸುರು ಮಾಡ್ಬೇಕಾಗಿತ್ತು. ಬೇರೆ ಯಾರ್ನಾರ ನೋಡ್ಲಾ.”

“ಯಾರೂ ಇಲ್ಲ. ಗುಡಿ ಬಾಗ್ಲು ಮುಚ್ತದೆ.”

“ಮುಚ್ಲಿ. ಮರ ಇರ್ತದಲ್ಲ.”

“ಗುಡೀನೇ ಇಲ್ದಿದ್ರೆ ಮರದ ಕೆಳಗೆ ನಿಂತ್ಕಂಡು ಏನ ತಪ್ಪುಸ್ಕತೀಯ?”

ಕುಡುಗೋಲು ನಿಂತಿತು. ಒಂದು ಸಲ ನನ್ನನ್ನು ನೋಡಿದ. ಆಮೇಲೆ ಷರತ್ತು ಹೇಳತೊಡಗಿದ. ಷರತ್ತು ಬಂತೆಂದರೆ ಗಿರಾಕಿ ಬಂದ ಎಂದೇ ಅರ್ಥ. ತಿಕ್ಕುವುದಿಲ್ಲ. ಪೌಡರು ಇಲ್ಲ. ಕರೆಂಟು ಬಂದರೆ ನೀರು ಹಾಯಿಸಿಯೇ ಬರುವುದು. ಬಾಗಿಲ ಪಕ್ಕದ ಕೊನೆಯ ಕುರ್ಚಿ ಬೇಕು. ಕಾಲು ತೊಳೆದ ಕೂಡಲೇ ಎದ್ದು ಹೋಗುವುದು, ಅದಕ್ಕೆ ನಾನು ಕಣ್ಣು ಕೆಂಪಗೆ ಮಾಡಬಾರದು. ಎಲ್ಲಕ್ಕೂ ತಲೆ ಆಡಿಸಿದೆ.

ಗುರುವಾರ ಸಂಜೆ ಹನ್ನೊಂದು ಕುರ್ಚಿಯಲ್ಲಿ ಹನ್ನೊಂದು ಮದುಮಕ್ಕಳು ಕೂತಿದ್ದರು. ಗುಡಿಯಲ್ಲೆಲ್ಲ ಪೌಡರಿನ ವಾಸನೆ. ಚಿಕ್ಕ ಸಾಮಿ ಮಂಡಿಯೂರಿ ಒಂದೊಂದು ಕಾಲಿಗೆ ತಂಬಿಗೆಯಿಂದ ಒಂದು ಧಾರೆ ನೀರು ಬಿಟ್ಟು, ಟವೆಲು ಒತ್ತಿ, ಮುಂದಕ್ಕೆ ಸರಿಯುತ್ತಿದ್ದರು. ಬೋಗುಣಿ ಹಿಡಿದಿದ್ದವನು ನಾನು. ಹನ್ನೊಂದು ಜನ ಮುಗಿದರೂ ಬೋಗುಣಿಯ ನೀರಿನಲ್ಲಿ ಅಕ್ಕಿ ತೊಳೆಯಬಹುದಿತ್ತು. ಹೆಂಗಸರು ಆಕಳಿಸುತ್ತಿದ್ದರು. ನನಗೂ ಆಕಳಿಕೆ ಬಂತು, ನುಂಗಿದೆ. ಹನ್ನೆರಡನೆಯ ಕುರ್ಚಿ ಖಾಲಿ. ಸಾಮಿ ತಲೆ ಎತ್ತಿ ನನ್ನನ್ನು ನೋಡಿದರು. ಲೂರ್ದಮ್ಮನೂ ನೋಡಿದಳು.

ಆಗ ಬಾಗಿಲಲ್ಲಿ ಚೌರಪ್ಪ. ಲುಂಗಿ ಎತ್ತಿ ಕಟ್ಟಿದ್ದಾನೆ, ಮಂಡಿಯವರೆಗೆ ಕೆಸರು. “ಈಗ್ ಬಂತು ಕಣ್ಲಾ ಕರೆಂಟು,” ಎಂದು ನನಗೆ ಹೇಳಿ, ಲೂರ್ದಮ್ಮ ಒರೆಸಿದ್ದ ನೆಲದ ಮೇಲೆ ಅಚ್ಚು ಒತ್ತಿಕೊಂಡು ಬಂದು ಕೂತ.

ಚಿಕ್ಕ ಸಾಮಿ ಒಂದು ಗಳಿಗೆ ಆ ಕಾಲನ್ನು ನೋಡಿದರು. ಆಮೇಲೆ ತಂಬಿಗೆ ಬಗ್ಗಿಸಿದರು. ಇದ್ದ ನೀರೆಲ್ಲ ಮುಗಿಯಿತು, ಕೆಸರು ಬರೀ ನೆನೆಯಿತು. “ನೀರು,” ಎಂದರು. ಹೊರಗಿನ ನಲ್ಲಿಯಲ್ಲಿ ಬರೀ ಗಾಳಿ. ತೋಟದ ಲೈನಿಗೆ ಕರೆಂಟು ಬಂದಾಗ ನಮ್ಮ ಊರಿಗೆ ಇರುವುದಿಲ್ಲ, ಟ್ಯಾಂಕು ತುಂಬಿರಲಿಲ್ಲ. “ನಮ್ಮನೇಲಿ ಒಂದ್ ಬಿಂದ್ಗೆ ಅದೆ, ಯಾರಾರ ತಕ್ಕಬನ್ರವ್ವ,” ಎಂದು ಲೂರ್ದಮ್ಮ ಕೂಗಿದಳು. ಹೆಂಗಸರು ಎದ್ದರು, ಓಡಿದರು, ಬಿಂದಿಗೆ ಮೇಲೆ ಬಿಂದಿಗೆ ಬಂತು. ಏನಾಯಿತೆಂದು ನೋಡಲು ಮರದ ಕೆಳಗಿನವರು ನುಗ್ಗಿದರು. ಹೊಸಿಲು ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ.

ಸಾಮಿ ನಿಲುವಂಗಿಯ ತೋಳನ್ನು ಮೇಲಕ್ಕೆ ಮಡಿಸಿ ಕೂತುಬಿಟ್ಟಿದ್ದರು. ಬೆರಳು ಸಂದಿಯ ಕೆಸರು ತೆಗೆದರು, ಹಿಮ್ಮಡಿಯ ಬಿರುಕನ್ನು ಹೆಬ್ಬೆರಳಿನಲ್ಲಿ ಉಜ್ಜಿದರು. ಚೌರಪ್ಪನ ಮೈ ನುಲಿಯಿತು.

“ಸಾಮಿ, ಕಚಗುಳಿ ಆಯ್ತದೆ.”

“ಸುಮ್ಮನೆ ಕೂತುಕೊಳ್ಳಿ.”

“ಆಯ್ತಾ ಇಲ್ಲ ಸಾಮಿ,” ಎನ್ನುತ್ತ ನಕ್ಕ. ಇಡೀ ಗುಡಿ ನಕ್ಕಿತು. ಚಿಕ್ಕ ಸಾಮಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಇನ್ನೊಂದು ಕಾಲು ಎಳೆದುಕೊಂಡರು. ಅವರು ಬಿಡುವ ಹಾಗೆ ಕಾಣಲಿಲ್ಲ. ನಗು ನಿಧಾನಕ್ಕೆ ಇಳಿಯಿತು, ನೀರಿನ ಸದ್ದು ಮಾತ್ರ ಉಳಿಯಿತು. ಆಕಳಿಸುತ್ತಿದ್ದವರು ಹಿಮ್ಮಡಿ ಎತ್ತಿ ಇಣುಕುತ್ತಿದ್ದರು. ಚೌರಪ್ಪ ದನಿ ತಗ್ಗಿಸಿ, “ಸಾಕು ಬುಡಿ ಸಾಮಿ. ನನ್ ಮದ್ವೇಲೂ ಇಷ್ಟು ತೊಳೀನಿಲ್ಲ,” ಎಂದ. ಈ ಸಲ ಯಾರೂ ನಗಲಿಲ್ಲ.

ಟವೆಲು ಒತ್ತಿ ಸಾಮಿ ಎದ್ದರು. ಮಾತು ಕೊಟ್ಟ ಪ್ರಕಾರ ನಾನು ದಾರಿ ಬಿಟ್ಟು ನಿಂತೆ. ಚೌರಪ್ಪ ಬಾಗಿಲಾಚೆಯ ಧೂಳು ನೋಡಿದ, ತನ್ನ ಕಾಲು ನೋಡಿಕೊಂಡ. “ಈಗ ಎಂಗ್ಲಾ ಓಗದು,” ಎಂದು ಪಿಸುಗುಟ್ಟಿದ. “ಚಪ್ಲಿ ತೋಟದಲ್ಲದೆ.” ಎರಡೂ ಕಾಲು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡು ಪೂಜೆ ಮುಗಿಯುವವರೆಗೆ ಕೂತ. ಅವನು ಕೂತನೆಂದು ಮರದವರೂ ನಿಂತರು.

ಪೂಜೆಯಾದ ಮೇಲೆ ಮೊಣಕೈವರೆಗೆ ಕೆಸರಾಗಿದ್ದ ಬಿಳಿಯ ಬಟ್ಟೆ ಕಳಚುತ್ತ ಚಿಕ್ಕ ಸಾಮಿ ಹೇಳಿದರು, “ಮುಂದಿನ ವರ್ಷ ಯಾರೂ ಕಾಲು ತೊಳೆದುಕೊಂಡು ಬರಬಾರದು. ಹೇಳಿಬಿಡಿ.”

ಲೂರ್ದಮ್ಮನ ಕಿವಿ ಚುರುಕು. “ಮುಂದಿನ್ ವರ್ಸ ಅಂದ್ರಾ ಸಾಮಿ?”

“ಹೌದಮ್ಮ. ನೀರು ಮಾತ್ರ ಮೊದಲೇ ತುಂಬಿಸಿಡಿ.”

ಬೋಗುಣಿಯ ಕೆಸರುನೀರನ್ನು ಹುಣಸೆ ಮರದ ಬುಡಕ್ಕೆ ಚೆಲ್ಲಿ ಬಂದು, ಆ ದಿನದ ಜಾಗರಣೆಯ ಪ್ರಾರ್ಥನೆಗೆ ಕೂತೆ. ಪುಸ್ತಕ ತೆರೆದೆ. ನಾನು ದೇವರ ಮುಂದೆ ಹೋಗುತ್ತಿದ್ದದ್ದೂ ಹೀಗೆಯೇ, ತಿಕ್ಕಿ, ಎಣ್ಣೆ ಸವರಿ, ಪೌಡರು ಹಾಕಿದ ಮಾತುಗಳನ್ನು ಹೊತ್ತುಕೊಂಡು. ತೊಳೆಯಲು ಅವನಿಗೆ ಏನು ಉಳಿದಿತ್ತು? ಪುಸ್ತಕ ಮುಚ್ಚಿದೆ. “ಬೇಜಾರಾಗದೆ ಕಣಪ್ಪ,” ಎಂದೆ. “ನೀನು ಅಂದ್ರೇನೇ ಬೇಜಾರಾಗದೆ.”

ಬೆಳಕು ಗಿಳಕು ಏನೂ ಬರಲಿಲ್ಲ. ಒಂದು ಸೊಳ್ಳೆ ಕಚ್ಚಿತು. ಆದರೆ ಅಷ್ಟು ಹೇಳಿದ ಮೇಲೆ ಮುಂದಿನ ಮಾತು ಏನೆಂದು ಹುಡುಕಬೇಕಾಯಿತು, ಪುಸ್ತಕದಲ್ಲಿ ಅದು ಇರಲಿಲ್ಲ. ಹುಡುಕುತ್ತ ಕೂತಿದ್ದಷ್ಟು ಹೊತ್ತು ಗೂಡಿನ ಧಾರಣೆ ನೆನಪಾಗಲಿಲ್ಲ. ಜಡತನ ಅವತ್ತೇ ಓಡಿಹೋಯಿತು ಎಂದು ನಿಮಗೆ ಸುಳ್ಳು ಹೇಳಲಾರೆ. ಅದು ಈಗಲೂ ಬರುತ್ತದೆ, ಹಳೆಯ ನೆಂಟನ ಹಾಗೆ. ಬಂದಾಗ ಅದನ್ನು ಹಿತ್ತಿಲಲ್ಲಿ ಬಚ್ಚಿಟ್ಟು ನೀವೊಬ್ಬರೇ ಪ್ರಾರ್ಥನೆಗೆ ಹೋಗಬೇಡಿ. ಕೆಸರುಗಾಲಲ್ಲೇ ಅದನ್ನೂ ಕರೆದುಕೊಂಡು ಹೋಗಿ ಮುಂದೆ ಕೂರಿಸಿ. ನನ್ನ ಇಡೀ ಸರ್ವಿಸಿನಲ್ಲಿ ಕೆಲಸಕ್ಕೆ ಬಂದ ಮದ್ದು ಇದೊಂದೇ.

ಪುನರುತ್ಥಾನದ ಭಾನುವಾರ ಚೌರಪ್ಪ ಒಳಗೆ ಬಂದಿರಬೇಕು ಎಂದುಕೊಂಡಿರಾ? ಮರದ ಕೆಳಗೇ ಇದ್ದ. ಅವತ್ತು ದೀಕ್ಷಾಸ್ನಾನದ ನೆನಪಿಗೆ ಸ್ವಾಮಿಗಳು ಜನರ ಮೇಲೆ ತೀರ್ಥ ಚಿಮುಕಿಸುತ್ತಾರೆ. ಒಳಗೆ ಚಿಮುಕಿಸುತ್ತ ಬಂದ ಚಿಕ್ಕ ಸಾಮಿ ಬಾಗಿಲಲ್ಲಿ ತಿರುಗಿ ಹೋಗಲಿಲ್ಲ. ಹೊಸಿಲು ದಾಟಿ ನೇರ ಮರದ ಕಡೆಗೆ ನಡೆದರು. ತೀರ್ಥದ ಬಕೆಟ್ಟು ಹಿಡಿದು ನಾನು ಹಿಂದೆ ಓಡಿದೆ. ಗಂಡಸರು ಗಾಬರಿಯಾಗಿ ಬೀಡಿ ಎಸೆದು ತಲೆ ಬಗ್ಗಿಸಿದರು. ಚೌರಪ್ಪ ತಲೆ ಬಗ್ಗಿಸಲಿಲ್ಲ. ಚಪ್ಪಲಿ ಕಳಚಿ ಕಾಲು ಮುಂದಕ್ಕೆ ಚಾಚಿದ. ಸಾಮಿ ಅದರ ಮೇಲೂ ಚಿಮುಕಿಸಿದರು.

ಚೌರಪ್ಪ ಹೆಬ್ಬೆರಳನ್ನು ನೋಡಿಕೊಂಡ. “ಏನ್ ಸಾಮಿ,” ಎಂದ, “ಒಂದೇ ತೊಟ್ಟಾ?”

ಗಿರಾಕಿ ಚೌಕಾಸಿಗೆ ಇಳಿದಿದ್ದ.